ಕೆಸುವಿಗೆ ಹುಳಿ ಬಿಟ್ಟ ಸಾಹಿತಿ

ಒಂದು ಇಡೀ ಪತ್ರಿಕೆಯನ್ನು ಒಬ್ಬನೇ ಮನುಷ್ಯ ಬರೆದು ತುಂಬಿಸಬಲ್ಲನೇ? ಬಲ್ಲ! ಆ ಮಹಾಪುರುಷ ನಾನೇ ಎಂದು ಎಪ್ಪತ್ತೆಂಟನೇ ಇಸವಿಯಲ್ಲಿ ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಘೋಷಿಸಿಬಿಟ್ಟೆ. ಎದುರಿಗೆ ಹೇರಂಬರಿದ್ದರು. ಸಾಗರದಿಂದ ವಾರಪತ್ರಿಕೆ ಹೊರಡಿಸುತ್ತಿದ್ದ ಅವರಿಗೆ ಬರೆಯುವವರೇ ಸಿಗುತ್ತಿರಲಿಲ್ಲ. ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು. ನನ್ನ ಹೆಸರು ಅಚ್ಚಿನಲ್ಲಿ ಬಂದದ್ದನ್ನು ನೋಡುವುದೊಂದೇ ಜೀವನದ ಆಸೆ.

"ಕೃಷಿ ಬಗ್ಗೆ ಬರೀತೀರಾ?"

"ಬರೀತೀನಿ."

"ಆರೋಗ್ಯ? ವಾರಭವಿಷ್ಯ?"

"ಭವಿಷ್ಯ ಎಂತ, ವಿಳಾಸ ಕೊಟ್ರೆ ಹಿಂದಿನ ಜನ್ಮದ್ದೂ ಬರೀತೀನಿ!"

"ಆದ್ರೆ ಎಲ್ಲದಕ್ಕೂ ಸುಬ್ಬಕೃಷ್ಣ ಅಂತ ಹಾಕಿದ್ರೆ ಜನ ನಗ್ತಾರೆ ಮೇಷ್ಟ್ರೇ. ಸದ್ಯಕ್ಕೆ ಬೇರೆ ಬೇರೆ ಹೆಸರು ಇಟ್ಕೊಳ್ಳಿ. ನಿಮ್ಮ ಹೆಸರು ಆಮೇಲೆ ನೋಡುವಾ."

ಹೀಗೆ ಗದ್ದೆಗಿಳಿಯದ ನಾನು 'ಭೂಮಿಪುತ್ರ'ನಾದೆ. ವರ್ಷವಿಡೀ ನೆಗಡಿಯಿಂದ ಸೀನುವ ನಾನು 'ಧನ್ವಂತರಿ'ಯಾದೆ. ಅಡುಗೆ ಲೇಖನಕ್ಕೆ ಮಾತ್ರ ಹೆಂಗಸಿನ ಹೆಸರೇ ಬೇಕೆಂದು ಹೇರಂಬರು ಹಟ ಹಿಡಿದರು. ಹೆಂಡತಿ ಅರ್ಧಾಂಗಿಯಲ್ಲವೇ, ಅವಳ ಹೆಸರಿನಲ್ಲಿ ನನಗೂ ಅರ್ಧ ಪಾಲುಂಟು ಎಂದುಕೊಂಡು 'ಶ್ರೀಮತಿ ಸತ್ಯಭಾಮಾ, ರಿಪ್ಪನ್‌ಪೇಟೆ' ಎಂದು ಬರೆದುಕೊಟ್ಟೆ. ಈ ವಿಷಯವನ್ನು ಅವಳಿಗೆ ತಿಳಿಸಲು ಯಾಕೋ ಪುರುಸೊತ್ತಾಗಲಿಲ್ಲ.

ಕೆಸುವಿನ ಸೊಪ್ಪಿನ ಪಲ್ಯ ಮಾಡುವುದು ಹೇಗೆಂದು ಅವಳನ್ನೇ ಕೇಳಿ ಬರೆದುಕೊಂಡೆ. ಲೇಖನ ಸೊಗಸಾಗಿಯೇ ಬಂತು. ಆದರೆ ಜಾಗ ಸಾಲದು, ಒಂದು ಸಾಲು ಕಡಿಮೆ ಮಾಡಿ ಎಂದು ಹೇರಂಬರು ಹೇಳಿಕಳಿಸಿದರು. ಯಾವುದನ್ನು ತೆಗೆಯುವುದು? 'ಮರಕತದ ತಟ್ಟೆಯಲ್ಲಿ ಮುತ್ತು ಹೊತ್ತು ನಿಂತ ವನದೇವಿಯೇ ಈ ಕೆಸು' ಎಂಬ ಸಾಲನ್ನು ತೆಗೆಯಲು ಕರುಳು ಒಪ್ಪಲಿಲ್ಲ. ಕೆಳಗೆ ನೋಡಿದರೆ 'ಬೇಯುವಾಗ ಹುಳಿ ಹಾಕಬೇಕು' ಎಂಬ ಬೋಳು ಸಾಲು! ಅದರಲ್ಲಿ ಏನು ಸಾಹಿತ್ಯವಿದೆ? ಹೊಡೆದುಹಾಕಿದೆ.

ಹುಳಿ ಹಾಕದ ಕೆಸು ತಿಂದರೆ ಗಂಟಲು ಕೆರೆಯುತ್ತದೆಂದು ನಮ್ಮ ಕಡೆ ಅಡುಗೆಮನೆ ಹೊಕ್ಕವರಿಗೆಲ್ಲ ಗೊತ್ತು. ನಾನು ಅಡುಗೆಮನೆ ಹೊಕ್ಕವನಲ್ಲ. ನಮ್ಮ ಹೆಡ್‌ಮಾಸ್ತರು ಜಟ್ಟಿಂಗಪ್ಪನವರ ಹೆಂಡತಿಯೂ ಪಾಪ, ಚಿತ್ರದುರ್ಗದ ಕಡೆಯಿಂದ ಹೊಸದಾಗಿ ಬಂದವರು. ಲೇಖನವನ್ನು ಒಲೆಯ ಪಕ್ಕ ಇಟ್ಟುಕೊಂಡು ಅಕ್ಷರಶಃ ಮಾಡಿ ಗಂಡನಿಗೆ ಬಡಿಸಿದರು. ಅಂದೇ ಶಾಲೆಗೆ ಇನ್‌ಸ್ಪೆಕ್ಟರು ಬರುವ ದಿನ!

ಸ್ವಾಗತ ಭಾಷಣಕ್ಕೆ ಎದ್ದ ಹೆಡ್‌ಮಾಸ್ತರು "ಮಾನ್ಯ..." ಎಂದರು. ಮುಂದಕ್ಕೆ ಬಂದದ್ದು ಬರೀ ಕೆಮ್ಮು. ಕಣ್ಣಲ್ಲಿ ನೀರು. ಕುತ್ತಿಗೆ ನೀವಿಕೊಳ್ಳುತ್ತ ನನ್ನ ಹತ್ತಿರ ಬಂದು, "ನಿಮ್ಮ ಮನೇವ್ರು ಬರೆದಂಗೇ ಮಾಡಿದ್ಲು ಕಣ್ರೀ ನಮ್ಮಾಕೆ! ಏನು ದ್ವೇಷ ಇತ್ರೀ ನನ್ಮೇಲೆ?" ಎಂದು ಪಿಸುಗುಟ್ಟಿದರು. ಆ ವಾರ ನನ್ನ ರಾಶಿಗೆ 'ಮೇಲಧಿಕಾರಿಗಳ ಮೆಚ್ಚುಗೆ' ಎಂದು ನಾನೇ ಬರೆದುಕೊಂಡಿದ್ದೆ.

ಮನೆಗೆ ಬಂದರೆ ಜಗಲಿಯಲ್ಲೇ ಸತ್ಯಭಾಮೆ ನಿಂತಿದ್ದಳು. ಕೈಯಲ್ಲಿ ಪತ್ರಿಕೆ.

"ಎಂತ ಮಾರಾಯ್ರೆ ಇದು? ಪಕ್ಕದ್ಮನೆ ಮೀನಾಕ್ಷಮ್ಮ ಬಂದು, ನಿಮ್ಮನೇಲಿ ಕೆಸಕ್ಕೆ ಹುಳಿ ಹಾಕೂದಿಲ್ವನೇ ಅಂತ ಕೇಳ್ತಾರೆ!"

"ಜಾಗ ಸಾಲ್ಲಿಲ್ಲ ಕಣೇ..."

"ವನದೇವಿ ಕೂರೋಕೆ ಜಾಗ ಇತ್ತಲ್ಲ! ಮುಂದಿನ ವಾರ ಕೋಣಂದೂರಲ್ಲಿ ಅಣ್ಣನ ಮಗಳ ಮದುವೆ. ಅಷ್ಟೂ ಹೆಂಗಸ್ರು ಇದನ್ನ ಓದಿರ್ತಾರೆ. ಯಾವ ಮುಖ ಇಟ್ಕೊಂಡು ಹೋಗ್ಲಿ ಹೇಳಿ?"

ಅವಳ ಕಣ್ಣು ತುಂಬಿತ್ತು. ಹತ್ತು ಊರು ಹೊಗಳುವ ಕೈ ಅವಳದ್ದು. ನನಗೆ ನಿಜವಾಗಿಯೂ ಕೆಡುಕೆನಿಸಿತು.

"ತಿದ್ದುಪಡಿ ಹಾಕಿಸ್ತೀನಿ ಬಿಡು. ಧನ್ವಂತರಿ ಹೆಸರಲ್ಲಿ..."

ಅವಳು ಪತ್ರಿಕೆ ಹಿಡಿದುಕೊಂಡೇ ಒಳಗೆ ಹೋದಳು.

ಮರುದಿನ ನಾನು ಶಾಲೆಯಲ್ಲಿದ್ದಾಗ ಹೇರಂಬರು ಮನೆಗೆ ಬಂದು ಆ ವಾರದ ಲೇಖನಗಳ ಕಟ್ಟನ್ನು ಅವಳ ಕೈಯಿಂದಲೇ ಇಸಿದುಕೊಂಡು ಹೋದರು. ಪತ್ರಿಕೆ ಬಂತು. ಬಿಚ್ಚಿದೆ. ಮೊದಲನೇ ಪುಟದಲ್ಲೇ ದಪ್ಪಕ್ಷರದಲ್ಲಿ 'ಸುಬ್ಬಕೃಷ್ಣ, ರಿಪ್ಪನ್‌ಪೇಟೆ'! ಎದೆಯುಬ್ಬಿತು. ಕೆಳಗೆ ಓದಿದೆ.

'ಹೋದ ವಾರದ ಕೆಸುವಿನ ಲೇಖನ ಬರೆದವನು ನಾನು, ನನ್ನ ಹೆಂಡತಿಯಲ್ಲ. ನನಗೆ ನೀರು ಕಾಯಿಸಲೂ ಬರುವುದಿಲ್ಲ. ನಮ್ಮ ಮನೆಯಲ್ಲಿ ಕೆಸುವಿಗೆ ಹುಳಿ ಹಾಕುತ್ತಾರೆ.'

"ನನ್ನ ಹೆಸರಲ್ಲಿ ನೀನು ಬರೆಯೋದಾ?" ಎಂದು ಕೂಗಿದೆ.

"ನಿಮ್ಮ ಹೆಸರಲ್ಲಿ ನನಗೂ ಪಾಲಿಲ್ವಾ?" ಎನ್ನುತ್ತ ಅವಳು ಪತ್ರಿಕೆಯನ್ನು ಮಡಚಿ ಕೋಣಂದೂರಿಗೆ ಒಯ್ಯುವ ಚೀಲದೊಳಗೆ, ರೇಷ್ಮೆ ಸೀರೆಯ ಮೇಲೆ ಜೋಪಾನವಾಗಿ ಇಟ್ಟಳು.

ಆ ಸಂಜೆ ಹೋಟೆಲಿನಲ್ಲಿ ಸಿಕ್ಕ ಹೇರಂಬರು ನನ್ನ ಕೈ ಹಿಡಿದು ಕುಲುಕಿದರು.

"ನೀವು ಇಷ್ಟು ದಿನ ಬರೆದದ್ರಲ್ಲಿ ಇದೇ ಬೆಸ್ಟು ಮೇಷ್ಟ್ರೇ! ಒಂದು ಸಾಲೂ ತೆಗೆಯೋ ಹಾಗಿರ್ಲಿಲ್ಲ. ಇನ್ಮೇಲೆ ಹೀಗೇ ಬರೀರಿ!"