ಪಕ್ಕದ ಮನೆ ಪಿಚರ್ ಮತ್ತು ನನ್ನ ಕಣ್ಣು

ಅನುಮಾನ ನನ್ನ ಹುಟ್ಟುಗುಣ. ಅಮೆರಿಕಕ್ಕೆ ಬಂದು ಲಾಸ್ ಏಂಜಲೀಸ್‌ನ ಪೋರ್ಟರ್ ರ್ಯಾಂಚಿನಲ್ಲಿ ಮನೆ ಮಾಡಿದ ಮೇಲೂ ಅದು ಬಿಡಲಿಲ್ಲ. ಇಂಥವನ ಪಕ್ಕಕ್ಕೇ ಇಂಥವರು ಬಂದು ಸೇರುತ್ತಾರೆ, ನೋಡಿ.

೧. ಏನು ಕೆಲಸ?

ಪಕ್ಕದ ಮನೆಯವನು ಮೂವತ್ತು ದಾಟಿದ ಎಡಗೈಯವ. ಬೆಳಗ್ಗೆಯೆಲ್ಲ ಮನೆಯಲ್ಲೇ ಇರುತ್ತಿದ್ದ. ಕಾರಿನ ಡಿಕ್ಕಿಯಲ್ಲಿ ಯಾವಾಗಲೂ ಸೂಟ್‌ಕೇಸ್. ಒಂದು ದಿನ ಕೇಳಿಯೇಬಿಟ್ಟೆ. ಮೇಜರ್ ಲೀಗ್‌ನಲ್ಲಿ ಪಿಚರ್ ಅಂದ. ಅಂದರೆ ಬೇಸ್‌ಬಾಲಿನ ಬೌಲರ್. ಪರೀಕ್ಷಿಸೋಣವೆಂದು ವಾರವಿಡೀ ಟಿವಿ ಮುಂದೆ ಕೂತೆ. ಇವನ ಸುಳಿವೇ ಇಲ್ಲ.

"ನೀವು ಕಾಣಲೇ ಇಲ್ವಲ್ಲ?"

"ಕೊನೇಲಿ ಎಡಗೈ ಬ್ಯಾಟ್ಸ್‌ಮನ್ ಬಂದ್ರೆ ಮಾತ್ರ ನನ್ನ ಕರೀತಾರೆ. ಈ ವಾರ ಕರೀಲಿಲ್ಲ."

ಕರೆದಾಗ ಮಾತ್ರ ಕೆಲಸ ಮಾಡುವವರು ನಮ್ಮ ಆಫೀಸಿನಲ್ಲೂ ಇದ್ದರು. ಆದರೆ ಯಾರೂ ಹೀಗೆ ಧೈರ್ಯವಾಗಿ ಒಪ್ಪಿಕೊಂಡಿರಲಿಲ್ಲ.

೨. ಮೊಣಕೈ

ಅಂದಿನಿಂದ ಪರದೆಯ ಸಂದಿಯೇ ನನ್ನ ಸೀಟು. ಅವನು ಹಿತ್ತಲಲ್ಲಿ ಬಲೆಗೆ ಚೆಂಡು ಎಸೆಯುತ್ತಿದ್ದ. ನೋಡಿದರೆ, ಮೊಣಕೈ ಮಡಚಿ ಬಿಸಾಡುತ್ತಿದ್ದಾನೆ! ಬಸವನಗುಡಿಯ ಮೈದಾನದಲ್ಲಿ ಅಂಪೈರ್ ಆಗಿದ್ದವನು ನಾನು. ಸಹಿಸಲಾಗಲಿಲ್ಲ. ಬೇಲಿಯ ಬಳಿ ಹೋಗಿ ಕೈ ಚಾಚಿ "ನೋ ಬಾಲ್!" ಎಂದು ಕೂಗಿದೆ. ಕೈ ಮಡಚಿದರೆ ಅದು ಬೌಲಿಂಗ್ ಅಲ್ಲ, ಥ್ರೋ ಎಂದು ತಿಳಿಸಿಯೂ ಹೇಳಿದೆ.

"ಅದಕ್ಕೇ ನನಗೆ ಸಂಬಳ ಕೊಡೋದು" ಅಂದ.

ಹೈಸ್ಕೂಲಿನಲ್ಲಿ ಓದುವ ನನ್ನ ಮಗಳು ಹಿಂದಿನಿಂದ, "ಡ್ಯಾಡ್, ಪ್ಲೀಸ್ ಗೋ ಇನ್‌ಸೈಡ್" ಅಂದಳು.

೩. ಘಾಟು

ಆ ಬೇಸಿಗೆಯಲ್ಲಿ ಅವನ ಗ್ರಹಚಾರ ಕೆಟ್ಟಿತು. ಲಾಸ್ ಏಂಜಲೀಸ್‌ನ ತಂಡ ಅವನನ್ನು ಕೈಬಿಟ್ಟಿತು. ಸ್ಯಾನ್ ಡಿಯಾಗೋದವರು ಒಂದು ವಾರ ನೋಡುತ್ತೇವೆ ಅಂದಿದ್ದರು. "ಅಲ್ಲೂ ಆಗಲಿಲ್ಲ ಅಂದ್ರೆ ನನ್ನ ಆಟ ಮುಗೀತು" ಎಂದಾಗ ಅವನ ಮುಖ ನೋಡಲಾಗಲಿಲ್ಲ. ನನಗೂ ಸಂಕಟವಾಯಿತು.

ಬೆಂಗಳೂರಿನಿಂದ ಬಂದಿದ್ದ ಅಮ್ಮ, "ಪಾಪ, ದೃಷ್ಟಿಯಾಗಿದೆ. ಕೂರಿಸೋ ಅವನನ್ನ" ಅಂದಳು. ಉಪ್ಪು, ಒಣಮೆಣಸಿನಕಾಯಿ ಹಿಡಿದು ಅವನ ಎಡಗೈಗೆ ಮೂರು ಸಲ ನಿವಾಳಿಸಿ, ಹಿತ್ತಲಿನ ಗ್ರಿಲ್‌ನ ಕೆಂಡಕ್ಕೆ ಹಾಕಿದಳು. ಯಾರಿಗೂ ಒಂದು ಕೆಮ್ಮು ಬರಲಿಲ್ಲ. ಘಾಟು ಬಾರದಿದ್ದರೆ ದೃಷ್ಟಿ ಜೋರಾಗಿಯೇ ತಗುಲಿದೆ ಎಂದು ಲೆಕ್ಕ.

"ಯಾರೋ ದಿನಾ ಇವನನ್ನೇ ನೋಡ್ತಾ ಕೂತಿದ್ದಾರೆ ಕಣೋ."

"ಅಜ್ಜಿ, ಇಟ್ಸ್ ಡ್ಯಾಡ್" ಅಂದಳು ಮಗಳು. ಆಮೇಲೆ ಅವನಿಗೂ ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಿದಳು.

೪. ಕಂಬ

ಶನಿವಾರದ ಆಟಕ್ಕೆ ಅವನೇ ಟಿಕೆಟ್ ಕಳಿಸಿದ. ಅಮ್ಮ, ಮಗಳಿಗೆ ಮುಂದಿನ ಸಾಲು. ನನ್ನದು ಮಾತ್ರ ಬೇರೆ ಕಡೆ. ಇದರಲ್ಲೇನೋ ಮಸಲತ್ತಿದೆ ಅನ್ನಿಸಿತು. ಸ್ಯಾನ್ ಡಿಯಾಗೋವರೆಗೆ ಡ್ರೈವ್ ಮಾಡಿ ಹೋಗಿ ನೋಡಿದರೆ ನನ್ನ ಸೀಟಿನ ಎದುರಿಗೇ ದಪ್ಪ ಕಂಬ. ಚೆಂಡು ಎಸೆಯುವ ಜಾಗ ಪೂರ್ತಿ ಮರೆ.

ಕೊನೆಯ ಸರದಿಯಲ್ಲಿ ಮೈಕಿನಲ್ಲಿ ಅವನ ಹೆಸರು ಬಂತು. ಕತ್ತು ಚಾಚಲು ಎದ್ದೆ. ಸೀಟು ತೋರಿಸುವ ಮುದುಕ ನನ್ನ ಭುಜ ಒತ್ತಿ ಕೂರಿಸಿದ.

"ಸಾರಿ ಸರ್. ನಿಮ್ಮನ್ನ ಏಳೋಕೆ ಬಿಡಬಾರದು ಅಂತ ಪಿಚರ್ ಹೇಳಿದ್ದಾರೆ."

ಕಂಬ ನೋಡುತ್ತ ಕೂತೆ. ಮೂರೇ ಎಸೆತ, ಬ್ಯಾಟ್ಸ್‌ಮನ್ ಔಟ್. ಸ್ಟೇಡಿಯಂ ಹೋ ಎಂದಿತು. ಅವನ ಕೆಲಸ ಉಳಿಯಿತು.

ಹೊರಗೆ ಸಿಕ್ಕಿದ ಅಮ್ಮ ಕೇಳಿದಳು, "ನೋಡಿದ್ಯೇನೋ?"

"ಒಂದೂ ಕಾಣಲಿಲ್ಲಮ್ಮ."

"ಮತ್ತೆ! ಅದಕ್ಕೇ ಗೆದ್ದಿದ್ದು."

ಆ ಸೀಸನ್ ಮುಗಿಯುವವರೆಗೂ ಅವನು ನನಗೆ ತಪ್ಪದೆ ಟಿಕೆಟ್ ಕಳಿಸಿದ. ಪ್ರತಿ ಸಲವೂ ಅದೇ ಕಂಬ.