ದೋಸೆ ಬರುವ ತನಕ ಒಂದು ಪ್ರಶ್ನೆ

ನಮ್ಮ ಭಾವನಿಗೆ ಎರಡು ಕೆಲಸ ಚೆನ್ನಾಗಿ ಬರುತ್ತವೆ: ದೋಸೆ ಹೊಯ್ಯುವುದು, ನನ್ನ ಬಿಪಿ ಏರಿಸುವುದು. ಎರಡನೆಯದಕ್ಕೆ ಕಾವಲಿಯೂ ಬೇಡ!

ನಾನು ದೆಹಲಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಉಡುಪಿ ಕಡೆಯ ಈ ಭಾವ, ಅಂದರೆ ನನ್ನ ಅಕ್ಕನ ಗಂಡ, ಅದೇ ಕಾಲೇಜಿನ ಕ್ಯಾಂಟೀನ್ ನಡೆಸುತ್ತಾರೆ. ಅವರ ಅರ್ಜಿಗೆ ಶಿಫಾರಸು ಬರೆದ ಮಹಾಪುರುಷ ನಾನೇ. ಅಂದಿನಿಂದ ನನಗೆ ನಿದ್ದೆ ಕಡಿಮೆ. (ಮುಂಚೆಯೂ ಕಡಿಮೆಯೇ ಇತ್ತು ಎನ್ನುತ್ತಾಳೆ ಹೆಂಡತಿ. ಇರಲಿ.)

ಮೊದಲ ವಾರವೇ ತಿಂಡಿಯ ಪಟ್ಟಿ ಬರೆಯುವ ಕರಿಹಲಗೆಯ ಮೇಲೆ, ಇಡ್ಲಿ ವಡೆಗಳ ಕೆಳಗೆ, ಹಿಂದಿಯಲ್ಲೊಂದು ಸಾಲು ಕಾಣಿಸಿತು: 'ಯಾರೂ ನೋಡದಿದ್ದಾಗಲೂ ಒಳ್ಳೆಯವರಾಗಿರಬೇಕೇ?'

"ಭಾವ, ಇದೆಂತ?"

"ಇವತ್ತಿನ ಸ್ಪೆಶಲ್."

ಅಷ್ಟಕ್ಕೇ ನಿಂತರೆ ಅವರು ನಮ್ಮ ಭಾವ ಹೇಗಾದಾರು? ಟೋಕನ್ನುಗಳ ಮೇಲೆ ಮೇಜಿನ ಸಂಖ್ಯೆ ಬರೆಸಿದರು. ದೋಸೆ ಬೇಕೆಂದರೆ ಟೋಕನ್ ಹೇಳಿದ ಮೇಜಿಗೇ ಹೋಗಿ ಕೂರಬೇಕು. ಗೆಳೆಯರೆಲ್ಲ ದಿಕ್ಕಾಪಾಲು! ಅರ್ಥಶಾಸ್ತ್ರದ ಹುಡುಗಿಯ ಎದುರು ತೋಟದ ಮಾಲಿ, ಅವನ ಪಕ್ಕ ಲೈಬ್ರರಿಯ ಗುಮಾಸ್ತ. ದೋಸೆ ಬರಲು ಹತ್ತು ನಿಮಿಷ. ಗುರುತಿಲ್ಲದವರು ಅಷ್ಟು ಹೊತ್ತು ಮಾಡುವುದಾದರೂ ಏನು? ಹಲಗೆ ನೋಡುತ್ತಾರೆ, ವಾದಕ್ಕಿಳಿಯುತ್ತಾರೆ. ಮಾತು ಕಾವೇರಿದ ಮೇಜಿಗೆ ಭಾವ ಬೇಕೆಂದೇ ದೋಸೆ ತಡಮಾಡುವರು. ಮಾತಿಲ್ಲದ ಮೇಜಿಗೆ ಮಾತ್ರ, "ಪಾಪ, ಬೇಗ ಕೊಟ್ಟು ಕಳಿಸಿ!"

'ಮರಕ್ಕೆ ನೋವಾಗುತ್ತದೆಯೇ?' ಎಂದು ಬರೆದ ದಿನ ಭೌತಶಾಸ್ತ್ರದ ಮುಖ್ಯಸ್ಥರು ಪಾಠಕ್ಕೇ ಬರಲಿಲ್ಲ. ವಿದ್ಯಾರ್ಥಿಗಳು ಹುಡುಕಿಕೊಂಡು ಬಂದರೆ, ಮೂರನೇ ಮೇಜಿನಲ್ಲಿ ಮಾಲಿಯ ಎದುರು ಸೋಲುತ್ತ ಕೂತಿದ್ದರು!

ದೂರು ಹೋಗದೆ ಇರುತ್ತದೆಯೇ? ಪ್ರಿನ್ಸಿಪಾಲ್ ಮೇಡಂ ನನ್ನನ್ನು ಕರೆಸಿದರು. "ನಿಮ್ಮ ಜೀಜಾಜಿಗೆ ಹೇಳಿ. ಪ್ರಶ್ನೆ ಅಳಿಸಬೇಕು, ಇಲ್ಲ ಕ್ಯಾಂಟೀನ್ ಬಿಡಬೇಕು. ಅಳಿಸದಿದ್ದರೆ ನಾಳೆ ಕ್ಯಾಂಟೀನ್ ತೆರವಿನ ಪತ್ರ ನಾನೇ ತರುತ್ತೇನೆ."

ಓಡಿದೆ. "ಭಾವ, ಬರೀ ಇಡ್ಲಿ ವಡೆ ಬರೀರಿ, ಕಾಲಿಗೆ ಬೀಳ್ತೇನೆ! ಕ್ಯಾಂಟೀನ್ ಹೋದ್ರೆ ಅಕ್ಕನಿಗೆ ನಾನೆಂತ ಹೇಳ್ಲಿ?"

"ಹೆದರ್ಬೇಡ ಮಾರಾಯ," ಎಂದವರೇ ಹಲಗೆ ಒರೆಸಿದರು. ನಾನು ಉಸಿರುಬಿಟ್ಟೆ. ಬಿಟ್ಟ ಉಸಿರು ಹೊರಗೆ ಹೋಗಿ ಮುಗಿಯುವಷ್ಟರಲ್ಲಿ ಹೊಸದು ಬರೆದಾಗಿತ್ತು: 'ಹಿರಿಯರು ಮನಸ್ಸು ಬದಲಿಸಿದರೆ ಸಣ್ಣವರಾಗುತ್ತಾರೆಯೇ?'

ಮರುದಿನ ಮೇಡಂ ಪತ್ರ ಹಿಡಿದು ಬಂದರು. ಭಾವ ಅವರ ಕೈಗೆ ಟೋಕನ್ ಕೊಟ್ಟರು! ನಾಲ್ಕನೇ ಮೇಜು. ಎದುರಿಗೆ ಮೊದಲ ವರ್ಷದ ಹುಡುಗಿ, ಪಕ್ಕದಲ್ಲಿ ಗುಮಾಸ್ತ. ನಾನು ಕಂಬದ ಹಿಂದೆ, ಮನಸ್ಸಿನಲ್ಲೇ ರಾಜೀನಾಮೆ ಬರೆಯುತ್ತ. ಹುಡುಗಿ ಹಲಗೆ ತೋರಿಸಿ ಏನೋ ಅಂದಳು. ಮೇಡಂ "ಅಚ್ಛಾ?" ಎಂದರು. ಆಮೇಲೆ ಇನ್ನೊಂದು "ಅಚ್ಛಾ?" ಆಮೇಲೆ ಕುರ್ಚಿ ಮುಂದಕ್ಕೆಳೆದುಕೊಂಡರು.

"ಭಾವ, ಅವರಿಗೆ ದೋಸೆ ಕೊಡಿ!"

"ಈಗ ಕೊಟ್ರೆ ಹಾಳಾಗ್ತದೆ."

"ದೋಸೆಯಾ?"

"ಮಾತು, ಮಾರಾಯ."

ಮುಕ್ಕಾಲು ಗಂಟೆಯ ಮೇಲೆ ದೋಸೆ ತಿಂದು ಎದ್ದ ಮೇಡಂ, ಪತ್ರದ ಹಿಂಬದಿಯಲ್ಲಿ ಏನೋ ಗೀಚಿ ನನ್ನ ಕೈಗಿಟ್ಟರು. ತಿರುಗಿಸಿ ಓದಿದೆ: ಪ್ರತಿ ಬುಧವಾರ ಕೊನೆಯ ಪೀರಿಯಡ್ಡಿನಲ್ಲಿ ಪಾಠ ಇಲ್ಲ. ಇಡೀ ಕಾಲೇಜು ಹುಲ್ಲಿನ ಮೇಲೆ. ಪ್ರಶ್ನೆ ಕ್ಯಾಂಟೀನಿನಿಂದ!

ಗೆದ್ದೆವು ಸ್ವಾಮಿ! ಮೊದಲ ಬುಧವಾರ, ಚಳಿಗಾಲದ ಬಿಸಿಲಿನಲ್ಲಿ ಕಾಲೇಜಿಗೆ ಕಾಲೇಜೇ ಹುಲ್ಲಿನ ಮೇಲೆ ಗುಂಪು ಗುಂಪಾಗಿ ಕೂತಿತ್ತು. ಪ್ರಶ್ನೆ: 'ಧೈರ್ಯ ಎಲ್ಲಿಂದ ಬರುತ್ತದೆ?' ಒಬ್ಬ ಹುಡುಗಿ ಎದ್ದು ನಿಂತಳು. "ಅಂಕಲ್, ಯಾವಾಗಲೂ ನಮ್ಮನ್ನೇ ಕೇಳುತ್ತೀರಿ. ನಿಮ್ಮ ಉತ್ತರ ಏನು?"

ಭಾವ ಪಂಚೆಗೆ ಕೈ ಒರೆಸಿಕೊಂಡು ಮೈಕ್ ತೆಗೆದುಕೊಂಡರು. ನಾನು ಮೈಕಿನ ವೈರು ಎಲ್ಲಿ ಶಾಕ್ ಹೊಡೆಯುತ್ತದೋ ಎಂದು ಬಗ್ಗಿ ನೋಡುತ್ತಿದ್ದೆ. ಭಾವ ನನ್ನ ಕಡೆ ಬೆರಳು ತೋರಿಸಿ ಹಿಂದಿಯಲ್ಲಿ ಹೇಳಿದರು: "ನನಗೆ ಅಲ್ಲಿಂದ. ನನ್ನ ಪಾಲಿನ ಹೆದರಿಕೆಯನ್ನೂ ಅವನೇ ಹೆದರಿಬಿಡುತ್ತಾನೆ. ನನಗೆ ಉಳಿಯುವುದು ಬರೀ ಧೈರ್ಯ."

ಎಲ್ಲರೂ ಚಪ್ಪಾಳೆ ತಟ್ಟಿದರು. ವೈರು ಸರಿಯಾಗಿಯೇ ಇತ್ತು. ಆದರೂ ನಾನು ಬಹಳ ಹೊತ್ತು ಬಗ್ಗಿ ಅದನ್ನೇ ನೋಡುತ್ತಿದ್ದೆ.