ಬುಟ್ಟಿಯಲ್ಲಿ ಬಂದ ಕಂಬರಾಂಗ್

ಎಡವಟ್ಟು ಶುರುವಾದದ್ದು ಶುಕ್ರವಾರ ಬೆಳಿಗ್ಗೆ, ಫುಟ್‌ಬಾಲ್ ಮೈದಾನದ ಹಿಂದಿನ ಚರಂಡಿಯ ಪಕ್ಕದಲ್ಲಿ. ಶಾಲೆಯ ತೋಟಗಾರ ಲೆನ್ನಿ ತನ್ನ ಹಳೇ ಟ್ರಕ್ ನಿಲ್ಲಿಸಿದ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ, ಮೈತುಂಬ ಕೆಸರು ಮೆತ್ತಿಕೊಂಡು ಬಿಸಿಲು ಕಾಯಿಸುತ್ತಿದ್ದ ಒಂದು ಯೂರ್ನನ್ನು ಎತ್ತಿ ಬಟ್ಟೆಯ ಬುಟ್ಟಿಗೆ ಹಾಕಿಕೊಂಡ.

ಯೂರ್ನ್ ಅಂದರೆ ಮೊಂಡುಬಾಲದ ದಪ್ಪ ಓತಿ. ತಲೆಯೂ ಬಾಲವೂ ಒಂದೇ ಆಕಾರ. ಯಾವ ಕಡೆ ಹೊರಟಿದೆ ಎಂಬುದು ಅದು ಹೆಜ್ಜೆ ಇಟ್ಟ ಮೇಲೇ ತಿಳಿಯಬೇಕು. ಅದು ನೀಲಿ ನಾಲಗೆ ಚಾಚಿ ಬುಸ್ಸೆಂದಿತು.

"ಬೈಕೋ ತಾಯಿ, ಚೆನ್ನಾಗಿ ಬೈಕೋ. ಸಾಯಂಕಾಲ ತಂದು ಇಲ್ಲೇ ಬಿಡ್ತೀನಿ," ಎಂದ ಲೆನ್ನಿ.

ಆ ಊರಿನ ಪ್ರಾಥಮಿಕ ಶಾಲೆಗೆ ಕಂಬರಾಂಗ್ ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ. ಕಾಡುಹೂಗಳ ಆ ಋತು ಬಂತೆಂದು ಸಾರುವವಳು ಲೆನ್ನಿಯ ಅಕ್ಕ ರೋನಾ. ಮಕ್ಕಳಿಗೆ ಆ ನೆಲದ ಮೂಲನಿವಾಸಿಗಳಾದ ತಮ್ಮವರ ನೂಂಗಾರ್ ಮಾತು ಕಲಿಸುವ ಅವಳು ಊರಿಗೆಲ್ಲ ರೋನಾ ಅತ್ತೆ. ಶಾಲೆಯ ನೀರಿನ ಟ್ಯಾಂಕಿನ ಕೆಳಗೆ ಒಂದು ಗಂಡು ಯೂರ್ನ್ ಚಳಿಗಾಲ ಕಳೆಯುತ್ತದೆ. ಚಳಿ ಮುಗಿದೊಡನೆ ಅದರ ಹೆಂಡತಿ ಎಲ್ಲಿಂದಲೋ ನಡೆದುಕೊಂಡು ಬರುತ್ತಾಳೆ. ಪ್ರತಿವರ್ಷವೂ ಅದೇ ಗಂಡ, ಅದೇ ಹೆಂಡತಿ. ಊರಿನ ಎಷ್ಟೋ ದೊಡ್ಡ ಮನುಷ್ಯರಿಗೆ ಇದು ಸಾಧ್ಯವಾಗಿಲ್ಲ. ಅವಳನ್ನು ಆ ವರ್ಷ ಯಾರ ಕಣ್ಣು ಮೊದಲು ಕಾಣುತ್ತದೋ ಅವರು ಅಂಗಳದ ಹಿತ್ತಾಳೆ ಗಂಟೆ ಬಾರಿಸಬೇಕು. ಅಲ್ಲಿಗೆ ಕಂಬರಾಂಗ್ ಬಂತು, ಪಾಠ ನಿಂತಿತು, ಎಲ್ಲರೂ ಮರದಡಿಗೆ. ಇದು ರೋನಾ ಅತ್ತೆ ಹಾಕಿಕೊಟ್ಟ ಕಟ್ಟಳೆ.

ಲೆನ್ನಿಯ ಮೊಮ್ಮಗಳು ಆರು ವರ್ಷದ ಟಿಲ್ಲಿ ಮೂರು ವಾರದಿಂದ ಬಿಡುವು ಸಿಕ್ಕಾಗಲೆಲ್ಲ ಬೇಲಿಯ ಬಳಿ ಕುಕ್ಕರುಗಾಲಲ್ಲಿ ಕೂತು ಕಾಯುತ್ತಿದ್ದಳು. ಅವಳ ಅಪ್ಪನಿಗೆ ಕಾಲ್ಗೂರ್ಲಿಯ ಗಣಿಯಲ್ಲಿ ಕೆಲಸ ಸಿಕ್ಕಿತ್ತು. ಶನಿವಾರ ಬೆಳಗಾದರೆ ಸಾಮಾನಿನ ಲಾರಿ ಹೊರಡುತ್ತದೆ. ಈ ವರ್ಷವೋ, ಮೋಡ ಸರಿದದ್ದೇ ಗುರುವಾರ. ಮೊಮ್ಮಗಳು ಗಂಟೆ ಬಾರಿಸದೆಯೇ ಆರುನೂರು ಕಿಲೋಮೀಟರ್ ದೂರ ಹೋಗಿಬಿಡುತ್ತಾಳಲ್ಲ ಎಂದು ನೆನೆದರೆ ಲೆನ್ನಿಗೆ ತಡೆಯಲಾಗುತ್ತಿರಲಿಲ್ಲ. ಅದಕ್ಕೇ ಈ ಬುಟ್ಟಿ.

ಮೊದಲ ಬಿಡುವಿಗೆ ಮುಂಚೆಯೇ ಅವನು ಯೂರ್ನನ್ನು ಟ್ಯಾಂಕಿನ ಬಳಿ, ಟಿಲ್ಲಿಯ ದಾರಿಗೆ ಅಡ್ಡವಾಗಿಯೇ ಇಟ್ಟ. ಪೊದೆಯ ಹಿಂದೆ ನಿಂತು, ಆಗಲೇ ಕತ್ತರಿಸಿದ್ದ ರೆಂಬೆಯನ್ನು ಮತ್ತೆ ಕತ್ತರಿಸತೊಡಗಿದ.

ಟಿಲ್ಲಿ ಬಂದಳು. ಯೂರ್ನನ್ನು ಕಂಡಳು. ಕೂತು ಅದನ್ನು ನೋಡಿದಳು, ಸುತ್ತಲಿನ ಮರಳನ್ನು ನೋಡಿದಳು. ಬಿಸಿಲಿಗೆ ಅಡ್ಡವಾಗಿ ತನ್ನ ಟೋಪಿಯನ್ನು ಅದರ ಪಕ್ಕ ನಿಲ್ಲಿಸಿ, ನೀರು ಕುಡಿಯಲು ಎದ್ದುಹೋದಳು.

ಲೆನ್ನಿ ಹಿಂದೆಯೇ ಓಡಿದ. "ಪುಟ್ಟೀ, ಅಲ್ಲಿ ಏನೂ ಕಾಣಿಸ್ಲಿಲ್ವಾ?"

"ಇಲ್ಲ ತಾತ," ಎಂದಳು ಟಿಲ್ಲಿ, ನೆಲ ನೋಡುತ್ತ.

ಮಗುವಿಗೆ ಕನ್ನಡಕ ಬೇಕೇನೋ ಎಂದು ಗಾಬರಿಯಾಗಿ ಲೆನ್ನಿ ಟ್ಯಾಂಕಿನ ಬಳಿ ಮರಳಿದರೆ, ಅಲ್ಲಿ ಎರಡು ಯೂರ್ನ್‌ಗಳಿದ್ದವು! ಎರಡನೆಯದರ ಮುಂದೆ ತೊಟ್ಟು ತೆಗೆದ ಸ್ಟ್ರಾಬೆರಿ ಹಣ್ಣು. ಅಡುಗೆಮನೆಯ ಕಿಟಕಿಯಿಂದ ಕ್ಯಾಂಟೀನಿನ ಡೊರೀನ್ ಬಾಯಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದಳು.

"ಲೆನ್ನಿ ಅಣ್ಣ, ದಮ್ಮಯ್ಯ, ರೋನಾ ಅತ್ತೆಗೆ ಹೇಳ್ಬೇಡ. ನಮ್ಮ ಹಿತ್ತಲಿಂದ ತಂದೆ. ಆ ಕೂಸಿನ ಮುಖ ನೋಡೋಕಾಗ್ಲಿಲ್ಲ."

"ನಾನೂ ಒಂದು ತಂದಿದೀನಿ ಕಣಮ್ಮ."

"ಅಯ್ಯೋ ದೇವರೇ! ಹಾಗಾದ್ರೆ ಅದ್ಯಾರ್ದು?"

ಲೆನ್ನಿ ತಿರುಗಿ ನೋಡಿದ. ಟ್ಯಾಂಕಿನ ಆಚೆ ಬದಿಯಿಂದ ಮೂರನೆಯದು ಗಂಭೀರವಾಗಿ ಬರುತ್ತಿತ್ತು. ಅದರ ಹಿಂದೆ ಮುಖ್ಯೋಪಾಧ್ಯಾಯ ಪ್ರೂವಿಟ್ ಸಾಹೇಬರು, ಏನೂ ಅರಿಯದವರಂತೆ ಆಕಾಶ ನೋಡುತ್ತ ಬಂದರು. ಅವರ ಬಲಗೈ ಬೆರಳಿಗೆ ದೊಡ್ಡ ಬ್ಯಾಂಡೇಜು.

"ಏನಾಯ್ತು ಸಾರ್ ಬೆರಳಿಗೆ?"

"ಫೈಲ್ ತೆಗೀವಾಗ ತಗುಲ್ತು."

"ಫೈಲಿಗೆ ಹಲ್ಲಿತ್ತಾ ಸಾರ್?"

ಸಾಹೇಬರು ಬೆರಳನ್ನು ಜೇಬಿಗೆ ತುರುಕುತ್ತಿರುವಾಗಲೇ ಗೇಟು ಕಿರುಗುಟ್ಟಿತು. ಒಂದು ಕೈಯಲ್ಲಿ ಚಹಾದ ಫ್ಲಾಸ್ಕು, ಇನ್ನೊಂದರಲ್ಲಿ ಊರುಗೋಲು ಹಿಡಿದು ರೋನಾ ಅತ್ತೆ ಬಂದಳು. ಮೂರು ಯೂರ್ನ್‌ಗಳನ್ನೂ, ಮೂವರು ಅಪರಾಧಿಗಳನ್ನೂ ಸಾವಕಾಶವಾಗಿ ಎಣಿಸಿದಳು.

"ಏನೋ ಲೆನ್ನಿ, ಇಲ್ಲಿ ಇವರ ಮೀಟಿಂಗ್ ಇಟ್ಕೊಂಡಿದೀರಾ?"

ಮೂವರೂ ಒಬ್ಬರ ಹಿಂದೆ ಒಬ್ಬರು ಸರಿದರು. ಡೊರೀನ್ ಅಳುವುದರಲ್ಲಿದ್ದಳು.

"ಇವುಕ್ಕೆ ಒಂದೊಂದಕ್ಕೂ ಜೋಡಿ ಇದೆ. ಬೆಳಿಗ್ಗೆಯಿಂದ ಎಲ್ಲೆಲ್ಲಿ ಕಾಯ್ತಾ ಕೂತಿದಾವೋ," ಎಂದಳು ರೋನಾ. ಆಮೇಲೆ ತಮ್ಮನ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದಳು. "ನಮ್ಮಮ್ಮನ್ನೂ ಚಿಕ್ಕವಳಿದ್ದಾಗ ಸರ್ಕಾರದೋರು ಹೀಗೇ ಮನೆಯಿಂದ ಟ್ರಕ್ಕಲ್ಲಿ ಎತ್ಕೊಂಡು ಹೋಗಿದ್ರು. ಒಳ್ಳೇದಕ್ಕೇ ಅಂದಿದ್ರು. ನೀನೇ ಮರೆತ್ರೆ ಹೆಂಗೋ?"

ಲೆನ್ನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. "ತಪ್ಪಾಯ್ತಕ್ಕ," ಎಂದ.

ರೋನಾ ಬಗ್ಗಿ, ಲೆನ್ನಿ ತಂದಿದ್ದ ಯೂರ್ನಿನ ತಲೆಯ ಕೆಸರನ್ನು ಸೆರಗಿನಂತಿದ್ದ ತನ್ನ ಶಾಲಿನ ಅಂಚಿನಿಂದ ಒರೆಸಿದಳು. ಎಡಗಣ್ಣಿನ ಮೇಲೆ ಬಿಳಿಯ ಗಾಯದ ಗುರುತು ಕಾಣಿಸಿತು. ಅವಳು ನೆಟ್ಟಗೆ ನಿಂತು ಹಣೆ ಬಡಿದುಕೊಂಡಳು.

"ಲೇ ಮಂಕೇ! ಇವಳು ನಮ್ಮವಳೇ ಕಣೋ! ಗಂಡನ್ನ ಹುಡುಕ್ಕೊಂಡು ಇಲ್ಲಿಗೇ ಬರ್ತಾ ಇದ್ಲು. ಇಷ್ಟೊತ್ತಿಗೆ ಬಂದು ತಲುಪಿರೋಳು. ದಾರೀಲಿ ಬರ್ತಿದ್ದ ಋತುನ ಬುಟ್ಟಿಗೆ ತುಂಬ್ಕೊಂಡು ಬಂದಿದೀಯಲ್ಲೋ!"

"ಹೇಗೂ ಬಂದಾಯ್ತಲ್ಲ," ಎಂದರು ಪ್ರೂವಿಟ್ ಸಾಹೇಬರು ಆಸೆಯಿಂದ. "ಗಂಟೆ ಹೊಡೆಸಿಬಿಡೋಣ್ವಾ?"

"ಬಂದಿಲ್ಲ. ತಂದಿದ್ದು. ಅವಳ ಕಾಲಲ್ಲಿ ಅವಳು ಬರ್ಬೇಕು. ಯಾರ್ಯಾರು ಎಲ್ಲಿಂದ ತಂದ್ರೋ ಅಲ್ಲಿಗೇ ಬಿಟ್ಬನ್ನಿ, ನಡೀರಿ."

ಡೊರೀನ್ ಹಿತ್ತಲಿಗೆ ಓಡಿದಳು. ಸಾಹೇಬರು ಕೈಗವಸು ಹಾಕಿಕೊಂಡು ಕಾರು ಹತ್ತಿದರು. ಲೆನ್ನಿ ತನ್ನ ಅತಿಥಿಯನ್ನು ಚರಂಡಿಯ ಪಕ್ಕ ಅದೇ ಜಾಗದಲ್ಲಿ ಇಳಿಸಿದಾಗ ಮಧ್ಯಾಹ್ನ ಹನ್ನೆರಡೂವರೆ. ಶಾಲೆಗೆ ಅಲ್ಲಿಂದ ಮುನ್ನೂರು ಮೀಟರ್. ಶಾಲೆ ಬಿಡುವುದು ಮೂರಕ್ಕೆ.

ಅವಳು ಹೊರಟಳು. ಮಕ್ಕಳನ್ನು ರಸ್ತೆ ದಾಟಿಸುವ 'ನಿಲ್ಲಿ' ಫಲಕ ಹಿಡಿದು ಲೆನ್ನಿ ಹಿಂದೆ ಹಿಂದೆ ನಡೆದ. ಹತ್ತು ಹೆಜ್ಜೆಗೊಮ್ಮೆ ಅವಳಿಗೆ ವಿಶ್ರಾಂತಿ. ಒಂದು ಹಳದಿ ಹೂ ಕಂಡು ಹದಿನೈದು ನಿಮಿಷ ಊಟ. ರಸ್ತೆಯ ನಟ್ಟನಡುವಿನ ಬಿಳಿಗೆರೆ ಬೆಚ್ಚಗಿತ್ತೋ ಏನೋ, ಅದರ ಮೇಲೆ ಇಪ್ಪತ್ತು ನಿಮಿಷ ಮಲಗಿಯೇ ಬಿಟ್ಟಳು. ಆ ಕಡೆ ಶಾಲಾ ಬಸ್ಸು, ಈ ಕಡೆ ಅಂಚೆಯವನ ಬೈಕು.

"ಲೆನ್ನಿ ಮಾವ, ಯಾರ ಮೆರವಣಿಗೆ ಇದು?" ಎಂದು ಬಸ್ಸಿನ ಚಾಲಕ ಕೂಗಿದ.

"ಸುಮ್ನೆ ಕೂತ್ಕೊಳ್ಳಪ್ಪ. ಹಾರ್ನ್ ಹೊಡೆದ್ರೆ ಮುನಿಸ್ಕೊಂಡು ವಾಪಸ್ ಹೋಗ್ಬಿಡ್ತಾಳೆ."

ಮೂರಕ್ಕೆ ಹತ್ತು ನಿಮಿಷವಿರುವಾಗ ಅವಳು ಬೇಲಿಯ ಕಿಂಡಿಯಲ್ಲಿ ನುಸುಳಿದಳು. ಇಡೀ ಶಾಲೆ ಉಸಿರು ಬಿಗಿಹಿಡಿದು ನಿಂತಿತ್ತು. ಟ್ಯಾಂಕಿನ ಕೆಳಗಿಂದ ಇನ್ನೊಂದು ಮೊಂಡುತಲೆ ಹೊರಬಂತು. ಎರಡೂ ಮೂತಿಗೆ ಮೂತಿ ತಾಗಿಸಿದವು.

ಎಲ್ಲರಿಗಿಂತ ಮುಂದೆ ಬೇಲಿಯ ಬುಡದಲ್ಲೇ ಟಿಲ್ಲಿ ಕೂತಿದ್ದಳು. ಲೆನ್ನಿಯ ಎದೆ ಹಿಗ್ಗಿತು. ಅಂತೂ ಇಂತೂ ಗೆದ್ದೆ ಅಂದುಕೊಂಡ.

"ಈ ವರ್ಷ ಇವಳನ್ನ ಮೊದಲು ಕಂಡ ಕಣ್ಣು ಯಾರ್ದು?" ರೋನಾ ಅತ್ತೆ ಕೇಳಿದಳು.

"ತಾತಂದು," ಎಂದಳು ಟಿಲ್ಲಿ.

"ನಾನಲ್ಲ ಪುಟ್ಟೀ! ನಾನು ನೋಡ್ಲಿಲ್ಲ, ಬರೀ ಹಿಡಿದೆ ಅಷ್ಟೇ!"

"ಕಣ್ಮುಚ್ಕೊಂಡು ಹಿಡಿದ್ಯೇನೋ?" ಎಂದಳು ಅಕ್ಕ.

"ಬೆಳಿಗ್ಗೆ ಅಲ್ಲಿ ಇವಳ ಹೆಜ್ಜೆ ಗುರುತೇ ಇರ್ಲಿಲ್ಲ," ಎಂದು ಟಿಲ್ಲಿ ಎಲ್ಲರಿಗೂ ವಿವರಿಸಿದಳು. "ತಾತನ ಬೂಟಿಂದು ಮಾತ್ರ ಇತ್ತು. ಮರಳು ಓದೋದು ನನಗೆ ತಾತನೇ ಕಲ್ಸಿದ್ದು. ಅದಕ್ಕೇ ನಾನು ಗಂಟೆ ಹೊಡೀಲಿಲ್ಲ. ತಾತಂಗೆ ಬೈತಾರೆ ಅಂತ ಯಾರ್ಗೂ ಹೇಳ್ಲೂ ಇಲ್ಲ."

ಲೆನ್ನಿ ಅಕ್ಕನ ಕಡೆ ಅಂಗಲಾಚಿ ನೋಡಿದ. ರೋನಾಳ ಕಣ್ಣೂ ಒದ್ದೆಯಾಗಿತ್ತು, ಆದರೆ ಕಟ್ಟಳೆ ಕಟ್ಟಳೆಯೇ. ಅವಳು ಊರುಗೋಲಿನಿಂದ ಗಂಟೆ ತೋರಿಸಿದಳು.

ಲೆನ್ನಿ ಓದಿದ್ದೂ ಇದೇ ಶಾಲೆಯಲ್ಲಿ. ಒಂದು ನೂಂಗಾರ್ ಮಾತು ಬಾಯಿಂದ ಜಾರಿದರೆ ಇದೇ ಗಂಟೆಯ ಕೆಳಗೆ ನಿಲ್ಲಿಸಿ ಅಂಗೈಗೆ ಬೆತ್ತದ ಏಟು ಕೊಡುತ್ತಿದ್ದರು. ಐವತ್ತು ವರ್ಷ ಅಂಗಳ ಗುಡಿಸುವಾಗಲೂ ಅವನು ಆ ಹಗ್ಗವನ್ನು ಮುಟ್ಟಿರಲಿಲ್ಲ. ಈಗ ಎರಡೇ ಬೆರಳಲ್ಲಿ ಹಿಡಿದು ಎಳೆದ. ಗಂಟೆ ಕೆಮ್ಮಿದ ಹಾಗೆ ಒಂದು ಸಣ್ಣ ಸದ್ದು ಮಾಡಿತು.

ಟಿಲ್ಲಿ ಬಂದು ಅವನ ಪ್ಯಾಂಟು ಜಗ್ಗಿದಳು.

"ಜೋರಾಗಿ ತಾತ. ಮುಂದಿನ ವರ್ಷ ಕಾಲ್ಗೂರ್ಲಿಲಿರೋ ನಂಗೂ ಕೇಳಿಸ್ಬೇಕು."